ಬಡ್ಡಿ ಬೇಡ, ಬಾಡಿಗೆ ಸರಿ. ಆದರೆ ಕಟ್ಟಡ ಎಲ್ಲಿದೆ?

ಇವತ್ತಿನ ಮಾತು ರಾಜಕಾರಣದ್ದಲ್ಲ, ರೊಕ್ಕದ್ದು. ಅದರಲ್ಲೂ ಮನೆಯಲ್ಲಿ ಒಂದೇ ಸಲ ಬಂದು, ಇನ್ನೊಂದು ಸಲ ಬಾರದೇ ಇರೋ ರೊಕ್ಕದ್ದು. ಹೊಲ ಮಾರಿದ ದುಡ್ಡು, ನಿವೃತ್ತಿಯ ದುಡ್ಡು, ರಸ್ತೆಗೆ ಜಮೀನು ಹೋದಾಗ ಕೈಗೆ ಬಂದ ಪರಿಹಾರದ ದುಡ್ಡು.

ಕಾಕತಿ ಗೊತ್ತಲ್ಲ ನಿಮಗೆ? ಬೆಳಗಾವಿ ಬಿಟ್ಟು ಪುಣೆ ಕಡೆ ಹೊರಟರೆ ಹೆದ್ದಾರಿ ಪಕ್ಕದಲ್ಲೇ ಸಿಗುತ್ತೆ. ಕಿತ್ತೂರು ರಾಣಿ ಚೆನ್ನಮ್ಮ ಹುಟ್ಟಿದ ಊರು. ಒಂದು ಕಡೆ ಹೆದ್ದಾರಿ, ಮುಂದೆ ಹೊನಗಾ ಕೈಗಾರಿಕಾ ಪ್ರದೇಶ, ಹಿಂದಿನಿಂದ ಬೆಳೆದು ಬರ್ತಿರೋ ಬೆಳಗಾವಿ ನಗರ. ಇಂಥ ಊರಲ್ಲಿ ಹೊಲದ ಮಾತು ಎಕರೆಯಿಂದ ಗುಂಟೆಗೆ ಇಳಿಯುತ್ತೆ, ಗುಂಟೆಯಿಂದ ಪ್ಲಾಟಿಗೆ ಇಳಿಯುತ್ತೆ. ಅಲ್ಲಿಂದ ಒಬ್ಬರು ಹಿರಿಯರು ನಮ್ಮ ಕಾರ್ಯಕ್ರಮಕ್ಕೆ ಪ್ರಶ್ನೆ ಕಳಿಸಿದ್ದಾರೆ. ಮುಸ್ಲಿಂ ಕುಟುಂಬದವರು. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳೋದಿಲ್ಲ. ಅವರ ಮಾತು ಹೀಗಿದೆ:

"ಸರ, ಹೊಲ ಮಾರಿದ ರೊಕ್ಕ ಐತ್ರಿ. ಬ್ಯಾಂಕಿನ ಬಡ್ಡಿ ನಮಗ ನಡ್ಯಾಂಗಿಲ್ರಿ. ಪ್ಲಾಟ್ ತಗೋರಿ ಅಂತ ಮಂದಿ ಅಂತಾರ, ಖರೆ ಪ್ಲಾಟಿನಿಂದ ತಿಂಗಳಾ ಮನಿ ನಡ್ಯೂದಿಲ್ಲ. ದುಬೈದಾಗ ಇರೋ ಮಗ ಅಂತಾನ, ಅಲ್ಲಿ ಹಲಾಲ್ ರೀಟ್ ಅಂತ ಐತಿ, ದೊಡ್ಡ ಬಿಲ್ಡಿಂಗಿನ ಬಾಡಿಗಿ ನಮಗ ಬರತೈತಿ ಅಂತ. ಈಗ ಇಲ್ಲೂ ಒಬ್ಬಾಂವ ಮನಿಗೆ ಬಂದು ಹಂಗ ಹೇಳಾಕತ್ತಾನ. ಇದು ಖರೇನ ಏನ್ರಿ? ನಮ್ಮ ರೊಕ್ಕ ಉಳೀತೈತೇನ್ರಿ?"

ನೋಡಿ, ಈ ಪ್ರಶ್ನೆಯಲ್ಲಿ ಮೂರು ಪ್ರಶ್ನೆ ಇದೆ. ರೀಟ್ ಅಂದ್ರೆ ಏನು? ಇಸ್ಲಾಮಿಕ್ ರೀಟ್ ಅಂದ್ರೆ ಏನು? ಮನೆಗೆ ಬಂದು ಹೇಳ್ತಿರೋ ಆ ಮನುಷ್ಯ ಮಾರ್ತಿರೋದು ಏನು? ಮೊದಲನೆಯ ಎರಡಕ್ಕೆ ಉತ್ತರ ಗೊತ್ತಿದ್ದರೆ ಮಾತ್ರ ಮೂರನೆಯದಕ್ಕೆ ಉತ್ತರ ಸಿಗುತ್ತೆ. ಅದಕ್ಕೇ ಒಂದೊಂದಾಗಿ ಹೋಗೋಣ.

ಬೆಳಗಾವಿಯ ಖಡೇ ಬಜಾರ್‌ನಲ್ಲಿ ಒಂದು ಅಂಗಡಿ ಸಾಲು ಇದೆ ಅಂದುಕೊಳ್ಳಿ. ಬೆಲೆ ಒಂದು ಕೋಟಿ. ನಿಮ್ಮ ಹತ್ತಿರ ಇರೋದು ಒಂದು ಲಕ್ಷ. ನೀವೊಬ್ಬರೇ ಕೊಳ್ಳೋಕೆ ಆಗಲ್ಲ. ನಿಮ್ಮಂಥ ನೂರು ಜನ ಸೇರಿ ಒಂದೊಂದು ಲಕ್ಷ ಹಾಕಿ ಕೊಂಡಿರಿ. ಬಾಡಿಗೆ ಬರುತ್ತೆ. ದುರಸ್ತಿ, ತೆರಿಗೆ, ಕಾವಲುಗಾರನ ಪಗಾರ ಎಲ್ಲ ಕಳೆದು ವರ್ಷಕ್ಕೆ 6 ಲಕ್ಷ ಉಳಿಯಿತು. ತಲೆಗೆ 6 ಸಾವಿರ. ಇಷ್ಟೇ ರೀಟ್. ರಿಯಲ್ ಎಸ್ಟೇಟ್ ಇನ್ವೆಸ್ಟ್‌ಮೆಂಟ್ ಟ್ರಸ್ಟ್ ಅನ್ನೋ ಉದ್ದ ಹೆಸರಿನ ಒಳಗೆ ಇರೋದು ಈ ನೂರು ಜನರ ಅಂಗಡಿ ಸಾಲೇ.

ಆದರೆ ನೂರು ಜನ ಸೇರಿದ ಕಡೆ ಜಗಳ ಬರುತ್ತೆ. ನಾಲ್ಕು ಜನ ಅಣ್ಣತಮ್ಮಂದಿರು ಸೇರಿದ ಕಡೆಯೇ ವಾಟ್ನಿಗೆ ಕೋರ್ಟು ಹತ್ತುವ ನಾಡು ನಮ್ಮದು. ಬಾಡಿಗೆ ವಸೂಲಿ ಯಾರು ಮಾಡಬೇಕು? ಲೆಕ್ಕ ಯಾರು ಇಡಬೇಕು? ನನ್ನ ಪಾಲು ಮಾರಿ ಹೊರಗೆ ಹೋಗ್ತೀನಿ ಅಂದ್ರೆ ಕೊಳ್ಳೋರು ಯಾರು? ಈ ಮೂರು ಪ್ರಶ್ನೆಗೆ ಕಾನೂನಿನ ಉತ್ತರ ಬರೆದಿಟ್ಟಾಗ ಅದು ರೀಟ್ ಆಗುತ್ತೆ. ಅಮೆರಿಕದಲ್ಲಿ 1960ರಲ್ಲಿ ಬರೆದರು. ನಮ್ಮಲ್ಲಿ ಸೆಬಿ 2014ರ ಸೆಪ್ಟೆಂಬರ್‌ನಲ್ಲಿ ನಿಯಮ ತಂತು.

ನಿಯಮ ಏನು ಹೇಳುತ್ತೆ? ಟ್ರಸ್ಟಿನ ಆಸ್ತಿಯಲ್ಲಿ ಕನಿಷ್ಠ ಶೇ. 80ರಷ್ಟು ಕಟ್ಟಿ ಮುಗಿದು, ಬಾಡಿಗೆ ಬರ್ತಿರೋ ಕಟ್ಟಡ ಆಗಿರಬೇಕು. ಕಾಗದದ ಮೇಲಿನ ಲೇಔಟ್ ಅಲ್ಲ, ಪಾಯ ತೋಡಿದ ಹೊಂಡ ಅಲ್ಲ. ಹಂಚೋಕೆ ಉಳಿದ ಹಣದಲ್ಲಿ ಕನಿಷ್ಠ ಶೇ. 90ರಷ್ಟನ್ನು ಹಂಚಲೇಬೇಕು, ಆರು ತಿಂಗಳಿಗೆ ಒಮ್ಮೆಯಾದರೂ ಹಂಚಬೇಕು. ಸಾಲ ಆಸ್ತಿ ಮೌಲ್ಯದ ಶೇ. 49 ದಾಟಬಾರದು. ಸ್ವತಂತ್ರ ಮೌಲ್ಯಮಾಪಕರು ಪ್ರತಿ ವರ್ಷ ಕಟ್ಟಡದ ಬೆಲೆ ಕಟ್ಟಬೇಕು. ಆಸ್ತಿ ನಿಮ್ಮ ಪರವಾಗಿ ಟ್ರಸ್ಟಿಯ ಕೈಲಿರುತ್ತೆ, ಅದನ್ನು ನಡೆಸುವ ಮ್ಯಾನೇಜರ್ ಬೇರೆ. ಕೊನೆಯದಾಗಿ, ನಿಮ್ಮ ಪಾಲು ಷೇರುಪೇಟೆಯಲ್ಲಿ ಯೂನಿಟ್ ರೂಪದಲ್ಲಿ ಇರುತ್ತೆ. ಬೇಡ ಅನ್ನಿಸಿದ ದಿನ ಆವತ್ತಿನ ಬೆಲೆಗೆ ಮಾರಬಹುದು.

ಇದೆಲ್ಲ ಎಲ್ಲೋ ವಿದೇಶದ ಕಥೆ ಅಲ್ಲ. ದೇಶದ ಮೊದಲ ರೀಟ್ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಎಂಬೆಸಿ ಆಫೀಸ್ ಪಾರ್ಕ್ಸ್ ರೀಟ್. 2019ರ ಮಾರ್ಚ್‌ನಲ್ಲಿ ಯೂನಿಟ್ಟಿಗೆ 300 ರೂಪಾಯಿಯಂತೆ 4750 ಕೋಟಿ ಎತ್ತಿ, ಏಪ್ರಿಲ್ 1ರಂದು ಪೇಟೆಗೆ ಬಂತು. ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ಅದರದ್ದು. ನಿಮ್ಮ ಊರಿನ ಹುಡುಗ ಹುಡುಗಿಯರು ದಿನಾ ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡು ಒಳಗೆ ಹೋಗ್ತಾರಲ್ಲ, ಆ ಕಟ್ಟಡಗಳ ಬಾಡಿಗೆಯಲ್ಲಿ ಅವರ ಅಪ್ಪ ಅವ್ವನೂ ಪಾಲು ಪಡೆಯೋಕೆ ಸಾಧ್ಯ. ಆಮೇಲೆ 2020ರಲ್ಲಿ ಮೈಂಡ್‌ಸ್ಪೇಸ್, 2021ರಲ್ಲಿ ಬ್ರೂಕ್‌ಫೀಲ್ಡ್, 2023ರಲ್ಲಿ ಮಾಲ್‌ಗಳ ನೆಕ್ಸಸ್ ಸೆಲೆಕ್ಟ್, 2025ರ ಆಗಸ್ಟ್‌ನಲ್ಲಿ ನಾಲೆಡ್ಜ್ ರಿಯಾಲ್ಟಿ ಬಂದವು. ಮೈಸೂರಿನ ಸೆಂಟರ್ ಸಿಟಿ, ಮಂಗಳೂರಿನ ಫಿಜಾ ಮಾಲ್ ನೆಕ್ಸಸ್ ರೀಟಿನ ಆಸ್ತಿಗಳು.

ಶುರುವಿನಲ್ಲಿ ಇದು ಬಡವರ ಬಾಗಿಲಿಗೆ ಬರೋ ವಸ್ತು ಆಗಿರಲಿಲ್ಲ. ಮೊದಲ ಬಿಡುಗಡೆಯಲ್ಲಿ ಅರ್ಜಿ ಹಾಕೋಕೇ 2 ಲಕ್ಷ ದಾಟಿದ ದುಡ್ಡು ಬೇಕಿತ್ತು. ಸೆಬಿ 2021ರಲ್ಲಿ ಆ ಮಿತಿಯನ್ನ 10ರಿಂದ 15 ಸಾವಿರಕ್ಕೆ ಇಳಿಸಿತು. ಪೇಟೆಯಲ್ಲಿ ಒಂದೇ ಒಂದು ಯೂನಿಟ್ ಕೂಡ ಕೊಳ್ಳಬಹುದು ಅಂತು. ಡಿಮ್ಯಾಟ್ ಖಾತೆ ಇದ್ದರೆ ಕಾಕತಿಯಲ್ಲಿ ಕೂತವರಿಗೂ, ಖಾನಾಪುರದಲ್ಲಿ ಕೂತವರಿಗೂ ಅಷ್ಟೇ ದೂರ.

ಈಗ ಎರಡನೆಯ ಪ್ರಶ್ನೆ. ಇದರಲ್ಲಿ ಇಸ್ಲಾಮಿಕ್ ಅಂದ್ರೆ ಏನು? ಬಾಡಿಗೆ ಬಾಡಿಗೆಯೇ ಅಲ್ಲವಾ, ಅದಕ್ಕೆಂಥ ಧರ್ಮ ಅಂತ ಕೇಳಬಹುದು.

ಇದನ್ನ ನಮ್ಮ ಉತ್ತರ ಕರ್ನಾಟಕದ ರೈತನಿಗೆ ಹೇಳೋದು ಬಹಳ ಸುಲಭ. ಹೊಲ ಕೋರಿಗೆ ಕೊಡ್ತಾರೆ, ಲಾವಣಿಗೆ ಕೊಡ್ತಾರೆ, ಬಡ್ಡಿಗೆ ಸಾಲ ಕೊಡ್ತಾರೆ. ಮೂರೂ ಬೇರೆ ಬೇರೆ. ಕೋರು ಅಂದ್ರೆ ಬೆಳೆ ಬಂದರೆ ಇಬ್ಬರಿಗೂ ಪಾಲು, ಬಾರದಿದ್ದರೆ ಇಬ್ಬರಿಗೂ ಲುಕ್ಸಾನು. ಲಾವಣಿ ಅಂದ್ರೆ ಹೊಲ ನನ್ನದು, ಉಳುಮೆ ನಿನ್ನದು, ಅದಕ್ಕೆ ಇಂತಿಷ್ಟು ರೊಕ್ಕ. ಹೊಲ ಇರುವ ತನಕ ಅದರ ಭಾರ ಒಡೆಯನದ್ದೇ. ಬಡ್ಡಿ ಅಂದ್ರೆ? ನೂರು ಕೊಟ್ಟೆ, ನೂರಾ ಹತ್ತು ತಾ. ಮಳೆ ಬಂತಾ, ಬೆಳೆ ಬಂತಾ ನನಗೆ ಬೇಡ. ಇಸ್ಲಾಂ ಬೇಡ ಅನ್ನೋದು ಈ ಮೂರನೆಯದನ್ನ. ಮೊದಲಿನ ಎರಡನ್ನಲ್ಲ. ಪಾಲುದಾರಿಕೆಗೆ ಅಲ್ಲಿ ಮುಶಾರಕಾ ಅಂತಾರೆ, ಬಾಡಿಗೆ ಕರಾರಿಗೆ ಇಜಾರಾ ಅಂತಾರೆ. ರೀಟ್ ಅನ್ನೋದು ಮೂಲದಲ್ಲಿ ಬಾಡಿಗೆಯ ವ್ಯವಹಾರ. ಅದಕ್ಕೇ ಬಡ್ಡಿ ಒಲ್ಲದವರಿಗೆ ಅದು ಹತ್ತಿರ ಅನ್ನಿಸುತ್ತೆ.

ಹಾಗಾದರೆ ಸಮಸ್ಯೆ ಎಲ್ಲಿ? ಎರಡು ಕಡೆ. ಬಾಡಿಗೆ ಯಾರಿಂದ ಬರುತ್ತೆ ಅನ್ನೋದು ಒಂದು. ಕಟ್ಟಡಕ್ಕೆ ಸಾಲ ಎಲ್ಲಿಂದ ಬಂತು ಅನ್ನೋದು ಇನ್ನೊಂದು.

ಮೊದಲು ಬಾಡಿಗೆದಾರ. ನಮ್ಮ ಖಡೇ ಬಜಾರ್ ಅಂಗಡಿ ಸಾಲಿನಲ್ಲಿ ಹತ್ತು ಅಂಗಡಿ ಇವೆ. ಒಂಬತ್ತು ಬಟ್ಟೆ, ಪಾತ್ರೆ, ಕಿರಾಣಿ. ಹತ್ತನೆಯದು ಬಾರು. ಬಾರಿನ ಬಾಡಿಗೆ ನಿಮ್ಮ ಪಾಲಿನಲ್ಲಿ ಸೇರಿಕೊಂಡೇ ಬರುತ್ತೆ. ಏನು ಮಾಡಬೇಕು? ಇದಕ್ಕೆ ಲಿಖಿತ ಉತ್ತರ ಕೊಟ್ಟ ದೇಶ ಮಲೇಷ್ಯಾ. ಅಲ್ಲಿನ ಸೆಕ್ಯುರಿಟೀಸ್ ಕಮಿಷನ್ 2005ರ ನವೆಂಬರ್‌ನಲ್ಲಿ ಇಸ್ಲಾಮಿಕ್ ರೀಟ್‌ಗಳಿಗೆ ಮಾರ್ಗಸೂಚಿ ಹೊರಡಿಸಿತು. ಮದ್ಯ, ಹಂದಿಮಾಂಸ, ಜೂಜು, ಬಡ್ಡಿ ಆಧಾರದ ಹಣಕಾಸು, ಸಾಮಾನ್ಯ ವಿಮೆ, ಕೆಲವು ಬಗೆಯ ಮನರಂಜನೆ, ಇವುಗಳಿಂದ ಬರುವ ಬಾಡಿಗೆ ಒಟ್ಟು ಬಾಡಿಗೆಯ ಶೇ. 20 ದಾಟಬಾರದು. ಹೊಸ ಬಾಡಿಗೆದಾರನನ್ನ ಸೇರಿಸುವಾಗ ಪೂರ್ತಿ ಇಂಥದ್ದೇ ವ್ಯಾಪಾರದವನಾಗಿದ್ದರೆ ಸೇರಿಸಕೂಡದು. ಒಂದು ಕಟ್ಟಡದ ಎಲ್ಲ ಬಾಡಿಗೆದಾರರೂ ಇಂಥವರೇ ಆಗಿದ್ದರೆ, ಶೇ. 20ರ ಒಳಗೆ ಬಂದರೂ ಆ ಕಟ್ಟಡ ಬೇಡ. ಇದನ್ನ ನೋಡಿಕೊಳ್ಳೋಕೆ ಶರಿಯಾ ಬಲ್ಲ ಸಲಹೆಗಾರರು ಇರಲೇಬೇಕು.

ಈ ನಿಯಮದ ಅಡಿ 2006ರಲ್ಲಿ ಅಲ್-ಅಖಾರ್ ಅನ್ನೋ ರೀಟ್ ಅಲ್ಲಿನ ಷೇರುಪೇಟೆಗೆ ಬಂತು. ಜಗತ್ತಿನ ಮೊದಲ ಇಸ್ಲಾಮಿಕ್ ರೀಟ್ ಅಂತ ಅದಕ್ಕೆ ಹೆಸರು. ಅದು ಕೊಂಡಿದ್ದು ಏನು ಗೊತ್ತಾ? ಆಸ್ಪತ್ರೆಗಳು. ಆಸ್ಪತ್ರೆಯ ಬಾಡಿಗೆ ಹಲಾಲೋ ಹರಾಮೋ ಅಂತ ಯಾರೂ ತಕರಾರು ಮಾಡಲ್ಲ. ನೀವೆಲ್ಲ ಸಿನಿಮಾದಲ್ಲಿ ನೋಡಿರೋ ಕ್ವಾಲಾಲಂಪುರದ ಪೆಟ್ರೋನಾಸ್ ಜೋಡಿ ಗೋಪುರ ಕೂಡ 2013ರಿಂದ ಇಂಥದ್ದೇ ಶರಿಯಾ ಮಾದರಿಯ ರೀಟ್ ಒಂದರ ಆಸ್ತಿ.

ಇನ್ನು ಎಲ್ಲ ವಿದ್ವಾಂಸರೂ ಶೇ. 20 ಒಪ್ಪಲ್ಲ. ಬಹರೇನ್‌ನಲ್ಲಿರುವ ಆಯೋಫಿ ಅನ್ನೋ ಇಸ್ಲಾಮಿಕ್ ಲೆಕ್ಕಪತ್ರ ಸಂಸ್ಥೆ ಷೇರುಗಳ ವಿಷಯದಲ್ಲಿ ಇಂಥ ಆದಾಯಕ್ಕೆ ಇಟ್ಟ ಗೆರೆ ಶೇ. 5. ಆ ಅಷ್ಟನ್ನೂ ಮನೆಗೆ ತಗೊಳ್ಳಬೇಡ, ಲೆಕ್ಕ ಹಾಕಿ ದಾನ ಮಾಡು ಅಂತಾರೆ. ಅದನ್ನ ಆದಾಯದ ಶುದ್ಧೀಕರಣ ಅಂತ ಕರೀತಾರೆ. ಅಂದರೆ ಹಲಾಲ್ ಅನ್ನೋ ಒಂದೇ ಪದದ ಒಳಗೆ ದೇಶಕ್ಕೊಂದು ಅಳತೆಗೋಲು ಇದೆ. ಮನೆಗೆ ಬಂದು "ಇದು ಹಲಾಲ್" ಅನ್ನುವವನನ್ನ "ಯಾವ ಅಳತೆಯಲ್ಲಿ?" ಅಂತ ಕೇಳಿ ನೋಡಿ.

ಈಗ ಸಾಲದ ವಿಷಯ. ಅದೇ ಅಂಗಡಿ ಸಾಲಿಗೆ ನೂರು ಜನ ಸಿಗಲಿಲ್ಲ, 60 ಜನ ಸಿಕ್ಕರು. ಉಳಿದ 40 ಲಕ್ಷವನ್ನ ಬ್ಯಾಂಕಿನಿಂದ ಶೇ. 9ರ ಬಡ್ಡಿಗೆ ತಂದಿರಿ ಅನ್ನೋಣ. ವರ್ಷಕ್ಕೆ ಬಡ್ಡಿ 3 ಲಕ್ಷ 60 ಸಾವಿರ. ಬಾಡಿಗೆ 6 ಲಕ್ಷದಲ್ಲಿ ಅದು ಹೋದರೆ ಉಳಿದದ್ದು 2 ಲಕ್ಷ 40 ಸಾವಿರ. 60 ಜನಕ್ಕೆ ಹಂಚಿದರೆ ತಲೆಗೆ 4 ಸಾವಿರ. ಈಗ ಎರಡು ಅಂಗಡಿ ಖಾಲಿ ಬಿದ್ದವು, ಬಾಡಿಗೆ 4 ಲಕ್ಷಕ್ಕೆ ಇಳಿಯಿತು. ಬಡ್ಡಿ ಇಳಿಯುತ್ತಾ? ಇಲ್ಲ. ಬಡ್ಡಿ ಕಟ್ಟಿದ ಮೇಲೆ ಉಳಿದದ್ದು 40 ಸಾವಿರ, ತಲೆಗೆ 700 ರೂಪಾಯಿಯೂ ಇಲ್ಲ. ಸಾಲವೇ ಇಲ್ಲದ ನೂರು ಜನರಿಗೆ ಅದೇ ಕೆಟ್ಟ ವರ್ಷದಲ್ಲಿ ತಲೆಗೆ 4 ಸಾವಿರ ಸಿಗ್ತಿತ್ತು. ಸಾಲದ ಮಾತು ಧರ್ಮಗ್ರಂಥದ ಮಾತು ಮಾತ್ರ ಅಲ್ಲ, ಜೇಬಿನ ಮಾತೂ ಹೌದು ಅನ್ನೋದಕ್ಕೆ ಈ ಲೆಕ್ಕ ಹೇಳಿದೆ. ನೀವು ಯಾವ ಧರ್ಮದವರೇ ಆಗಿರಿ, ರೀಟ್ ಕೊಳ್ಳುವಾಗ ಅದರ ತಲೆ ಮೇಲೆ ಎಷ್ಟು ಸಾಲ ಇದೆ ಅಂತ ಮೊದಲು ನೋಡಿ.

ಇಸ್ಲಾಮಿಕ್ ರೀಟ್ ಸಾಲಕ್ಕೆ ಬದಲು ಏನು ಮಾಡುತ್ತೆ? ಹಣ ಕೊಡುವವನು ಕಟ್ಟಡದ ಒಂದು ಭಾಗ ಕೊಳ್ತಾನೆ, ಅದನ್ನೇ ಟ್ರಸ್ಟಿಗೆ ಬಾಡಿಗೆಗೆ ಕೊಡ್ತಾನೆ, ನಿಧಾನಕ್ಕೆ ಆ ಭಾಗವನ್ನ ಟ್ರಸ್ಟ್ ವಾಪಸ್ ಕೊಳ್ಳುತ್ತೆ. ಇಲ್ಲವೇ ಸುಕೂಕ್ ಅನ್ನೋ ಪತ್ರ ಹೊರಡಿಸುತ್ತೆ. ಅದೂ ಆಸ್ತಿಯ ಮೇಲಿನ ಪಾಲಿನ ಹೆಸರಲ್ಲಿ. ಇಲ್ಲಿ ನೇರವಾಗಿ ಒಂದು ಮಾತು ಹೇಳಬೇಕು. ಎಷ್ಟೋ ಕಡೆ ಈ ಬಾಡಿಗೆಯನ್ನ ನಿಗದಿ ಮಾಡೋದೇ ಪೇಟೆಯ ಬಡ್ಡಿ ದರ ನೋಡಿಕೊಂಡು. ಹೆಸರು ಬದಲಾಯ್ತು, ಭಾರ ಬದಲಾಯ್ತಾ ಅಂತ ಮುಸ್ಲಿಂ ಅರ್ಥಶಾಸ್ತ್ರಜ್ಞರೇ ಕೇಳಿದ್ದಾರೆ. ಬಾಡಿಗೆದಾರರ ಆಯ್ಕೆ, ಹಣದ ಮೂಲ ಎರಡೂ ಕಿರಿದಾಗೋದರಿಂದ ಕಟ್ಟುಪಾಡು ಉಳಿಸಿಕೊಳ್ಳೋದೂ ಸುಲಭ ಅಲ್ಲ. ಸಿಂಗಾಪುರದ ಸಬಾನಾ ರೀಟ್ 2010ರಲ್ಲಿ ಶರಿಯಾ ಹೆಸರಿನಲ್ಲೇ ಬಂತು, 2021ರಲ್ಲಿ ಆ ಹಣೆಪಟ್ಟಿ ತೆಗೆದಿಟ್ಟಿತು. ಕಾಕತಿಯ ಹಿರಿಯರ ಮಗ ಇರೋ ದುಬೈಯಲ್ಲಿ ಎಮಿರೇಟ್ಸ್ ರೀಟ್ ಇದೆ. ಅದೂ ಶರಿಯಾ ಪ್ರಕಾರದ್ದೇ, 2014ರಲ್ಲಿ ನಾಸ್ಡಾಕ್ ದುಬೈಗೆ ಬಂತು. ಆಮೇಲಿನ ವರ್ಷಗಳಲ್ಲಿ ಅದರ ಬೆಲೆ ಬಿಡುಗಡೆ ಬೆಲೆಗಿಂತ ಬಹಳ ಕೆಳಗೆ ಹೋಗಿತ್ತು. ಹಲಾಲ್ ಅನ್ನೋದು ಹಣ ಬಂದ ದಾರಿಯ ಬಗ್ಗೆ ಹೇಳುತ್ತೆ. ಹಣ ಬೆಳೆಯುತ್ತೆ ಅಂತ ಅದು ಎಲ್ಲೂ ಹೇಳಿಲ್ಲ.

ಸರಿ, ನಮ್ಮ ದೇಶದಲ್ಲಿ ಇಸ್ಲಾಮಿಕ್ ರೀಟ್ ಇದೆಯಾ? ಸೆಬಿ ನಿಯಮದಲ್ಲಿ ಆ ಹೆಸರಿನ ವಿಭಾಗವೇ ಇಲ್ಲ. ಮೇಲೆ ಹೇಳಿದ ಐದೂ ಸಾಮಾನ್ಯ ರೀಟ್‌ಗಳು. ಇಸ್ಲಾಮಿಕ್ ಬ್ಯಾಂಕಿಂಗ್ ಪ್ರಸ್ತಾವವನ್ನ ಮುಂದುವರಿಸಲ್ಲ ಅಂತ ಆರ್‌ಬಿಐ 2017ರಲ್ಲಿ ಹೇಳಿಬಿಟ್ಟಿದೆ. ಷೇರುಗಳಿಗೆ ಮಾತ್ರ ಶರಿಯಾ ಜರಡಿ ನಮ್ಮಲ್ಲೂ ಇದೆ. ಮುಂಬೈ ಷೇರುಪೇಟೆ 2010ರಲ್ಲೇ ಶರಿಯಾ ಸೂಚ್ಯಂಕ ಶುರು ಮಾಡಿತ್ತು.

ಹಾಗಾದರೆ ಇರುವ ರೀಟ್‌ಗಳನ್ನೇ ಕೊಂಡರೆ ನಡೆಯುತ್ತಾ? ಫತ್ವಾ ಕೊಡೋದು ನನ್ನ ಕೆಲಸ ಅಲ್ಲ. ನಿಮ್ಮ ಆಲಿಮರ ಮುಂದೆ ಇಡಬೇಕಾದ ವಿಷಯ ಏನು ಅಂತ ಹೇಳ್ತೀನಿ, ಉತ್ತರ ಅವರದ್ದು. ಎಂಬೆಸಿ ರೀಟ್ ತಗೊಳ್ಳಿ. ಅದರ ಕಟ್ಟಡಗಳಲ್ಲಿ ಐಬಿಎಂ ಥರದ ತಂತ್ರಜ್ಞಾನ ಕಂಪನಿಗಳಿವೆ. ಜೆಪಿ ಮಾರ್ಗನ್, ವೆಲ್ಸ್ ಫಾರ್ಗೋ ಥರದ ಬ್ಯಾಂಕುಗಳ ಕಚೇರಿಗಳೂ ಇವೆ. ಟ್ರಸ್ಟಿನ ಆಸ್ತಿಯಲ್ಲಿ ಹಿಲ್ಟನ್ ಹೋಟೆಲುಗಳೂ ಇವೆ. ಮಾಲ್ ರೀಟ್ ತಗೊಂಡರೆ ಸಿನಿಮಾ ಪರದೆಗಳು, ಊಟದ ಜಾಗಗಳು. ಇದರಲ್ಲಿ ಯಾವ ಬಾಡಿಗೆ ಎಷ್ಟು ಅನ್ನೋದು ಮೊದಲ ಪ್ರಶ್ನೆ. ಸಾಲ ಎಷ್ಟು ಅನ್ನೋದು ಎರಡನೆಯದು.

ಮೂರನೆಯದು ಎಷ್ಟೋ ಜನಕ್ಕೆ ಹೊಳೆಯದೇ ಇರೋ ವಿಷಯ. ನಮ್ಮ ರೀಟ್‌ಗಳಲ್ಲಿ ಕಟ್ಟಡ ಸಾಮಾನ್ಯವಾಗಿ ನೇರವಾಗಿ ಟ್ರಸ್ಟಿನ ಹೆಸರಲ್ಲಿ ಇರಲ್ಲ. ನಡುವೆ ಒಂದೊಂದು ಕಂಪನಿ ಇರುತ್ತೆ. ಟ್ರಸ್ಟ್ ಆ ಕಂಪನಿಯ ಷೇರನ್ನೂ ಇಟ್ಟುಕೊಂಡಿರುತ್ತೆ, ಅದಕ್ಕೆ ಸಾಲವನ್ನೂ ಕೊಟ್ಟಿರುತ್ತೆ. ಬಾಡಿಗೆ ಕಂಪನಿಗೆ ಬರುತ್ತೆ. ಕಂಪನಿಯಿಂದ ಟ್ರಸ್ಟಿಗೆ ಬರುವಾಗ ಒಂದಿಷ್ಟು ಲಾಭಾಂಶ, ಒಂದಿಷ್ಟು ಬಡ್ಡಿ, ಒಂದಿಷ್ಟು ಸಾಲದ ಮರುಪಾವತಿ ಅಂತ ಬೇರೆ ಬೇರೆ ಅಂಗಿ ಹಾಕಿಕೊಂಡು ಬರುತ್ತೆ. ನಿಮ್ಮ ಖಾತೆಗೆ ಹಣ ಬಿದ್ದಾಗ ಬರೋ ಪತ್ರದಲ್ಲಿ ಇದನ್ನೆಲ್ಲ ಬಿಡಿಬಿಡಿಯಾಗಿ ಬರೆದಿರ್ತಾರೆ. ಮೂಲದಲ್ಲಿ ಅದು ಮಾನ್ಯತಾದ ಬಾಡಿಗೆ. ಕಾಗದದಲ್ಲಿ ಅದು ಬಡ್ಡಿ. ಕಾಕತಿಯ ಹಿರಿಯರು ನೋಡಬೇಕಾದ್ದು ಮೂಲವನ್ನೋ ಕಾಗದವನ್ನೋ? ತೆರಿಗೆ ಇಲಾಖೆ ಕಾಗದವನ್ನ ನೋಡುತ್ತೆ. ಧರ್ಮದ ವಿದ್ವಾಂಸರು ಏನು ನೋಡಬೇಕು ಅನ್ನೋದನ್ನ ಅವರೇ ಕೂತು ತೀರ್ಮಾನಿಸಬೇಕು. ಆ ಚರ್ಚೆ ಕನ್ನಡದಲ್ಲಿ, ಉರ್ದುವಿನಲ್ಲಿ, ಜನಕ್ಕೆ ತಿಳಿಯೋ ಹಾಗೆ ನಡೆಯಬೇಕು.

ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ? ಕಾನೂನು ಖಾಲಿ ಬಿಟ್ಟ ಜಾಗದಲ್ಲಿ ಯಾರೋ ಬಂದು ಅಂಗಡಿ ತೆರೀತಾರೆ. ನಾವು ನೋಡಿದ್ದೀವಿ. ಐಎಂಎ ಮರೆತುಬಿಟ್ಟಿರಾ? ಬೆಂಗಳೂರಿನ ಆ ಸಂಸ್ಥೆ ಬಡ್ಡಿ ಅಲ್ಲ, ಹಲಾಲ್ ಲಾಭದ ಪಾಲು ಅಂತ ಹೇಳಿಯೇ ಹಣ ಎತ್ತಿದ್ದು. ಹಣ ಕೊಟ್ಟವರನ್ನ ಠೇವಣಿದಾರರು ಅಂತ ತೋರಿಸದೇ ಪಾಲುದಾರರು ಅಂತ ಕಾಗದದಲ್ಲಿ ತೋರಿಸಲಾಗಿತ್ತು. 2019ರ ಜೂನ್‌ನಲ್ಲಿ ಅದರ ಮುಖ್ಯಸ್ಥ ಮನ್ಸೂರ್ ಖಾನ್ ದೇಶ ಬಿಟ್ಟು ಹೋದರು, ಒಂದು ಆಡಿಯೋ ಹರಿದಾಡಿತು. ಜುಲೈ 19ಕ್ಕೆ ದೆಹಲಿಯಲ್ಲಿ ಬಂಧನ ಆಯ್ತು. ಪ್ರಕರಣ ಸಿಬಿಐಗೆ ಹೋಯ್ತು. ಸುಮಾರು 4000 ಕೋಟಿ ರೂಪಾಯಿಯ ವಂಚನೆ ಅನ್ನೋದು ಆರೋಪ. ಆ ದಿನಗಳಲ್ಲಿ ಶಿವಾಜಿನಗರದಲ್ಲಿ ದೂರು ಕೊಡೋಕೆ ಸಾಲು ನಿಂತವರ ಮುಖ ನಮ್ಮ ಕ್ಯಾಮೆರಾಗಳು ತೋರಿಸಿದವು. ಮಗಳ ಮದುವೆಗೆ ಇಟ್ಟ ಹಣ, ಹಜ್‌ಗೆ ಕೂಡಿಟ್ಟ ಹಣ. ಅವರು ಯಾರೂ ದುರಾಸೆಗೆ ಬಿದ್ದವರು ಅಂತ ನಾನು ಹೇಳಲ್ಲ. ಬಡ್ಡಿ ಬೇಡ ಅನ್ನೋ ಅವರ ನೇಮವನ್ನೇ ಗಾಳ ಮಾಡಿಕೊಂಡರು ಅಂತ ಹೇಳ್ತೀನಿ.

ಇದು ಒಂದು ಸಮುದಾಯದ ಕಥೆ ಅಂತ ಉಳಿದವರು ನಿಟ್ಟುಸಿರು ಬಿಡೋದು ಬೇಡ. ಅದರ ಮರುವರ್ಷ, 2020ರ ಜನವರಿಯಲ್ಲಿ, ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮುಂದೆ ನಿಂತವರು ಬೇರೆ ಸಮುದಾಯದ ಹಿರಿಯರು. ಆರ್‌ಬಿಐ ನಿರ್ಬಂಧ ಹಾಕಿ 35 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಅಂತು. ಬೋರ್ಡಿನ ಮೇಲೆ ಗುರುಗಳ ಹೆಸರಿತ್ತು, ಲೆಕ್ಕದ ಪುಸ್ತಕ ನೋಡೋದು ಬೇಡ ಅನ್ನಿಸಿತ್ತು. ಹೆಸರಿನ ಮೇಲೆ ವಿಶ್ವಾಸ ಇಟ್ಟು ಪುಸ್ತಕ ತೆರೆಯದೇ ಇರೋ ರೋಗ ನಮಗೆಲ್ಲರಿಗೂ ಇದೆ.

ಹಾಗಾಗಿ ಮೂರನೆಯ ಪ್ರಶ್ನೆಗೆ ನನ್ನ ಉತ್ತರ ಹೀಗೆ. ಮನೆಗೆ ಬಂದು "ಹಲಾಲ್ ರೀಟ್" ಅನ್ನುವ ಮನುಷ್ಯನಿಗೆ ನಾಲ್ಕು ಮಾತು ಕೇಳಿ. ಒಂದು, ಕಟ್ಟಡ ಎಲ್ಲಿದೆ, ಅದರ ಉತಾರ ಯಾರ ಹೆಸರಲ್ಲಿದೆ? ಎರಡು, ಬಾಡಿಗೆ ಕೊಡ್ತಿರೋ ಬಾಡಿಗೆದಾರ ಯಾರು, ಕರಾರು ಎಷ್ಟು ವರ್ಷದ್ದು? ಮೂರು, ಸೆಬಿ ನೋಂದಣಿ ಸಂಖ್ಯೆ ಏನು? ಸೆಬಿ ವೆಬ್‌ಸೈಟಿನಲ್ಲಿ ನೋಂದಾಯಿತ ರೀಟ್‌ಗಳ ಪಟ್ಟಿ ಇದೆ, ಮನೆಯ ಮಕ್ಕಳಿಗೆ ಹೇಳಿದರೆ ಎರಡು ನಿಮಿಷದಲ್ಲಿ ತೆಗೆದು ತೋರಿಸ್ತಾರೆ. ನಾಲ್ಕು, ಯೂನಿಟ್ ನನ್ನ ಡಿಮ್ಯಾಟ್ ಖಾತೆಗೆ ಬರುತ್ತಾ, ಇಲ್ಲ ನೀನು ರಸೀದಿ ಹರಿದು ಕೊಡ್ತೀಯಾ? ರಸೀದಿ ಅಂದ ಕೂಡಲೇ ಚಹಾ ಕುಡಿಸಿ ಕಳಿಸಿಬಿಡಿ. ಮತ್ತೆ "ತಿಂಗಳಿಗೆ ಇಷ್ಟು ಪಕ್ಕಾ" ಅಂತ ಮಾತು ಕೊಟ್ಟರೆ ಅದು ರೀಟ್ ಅಲ್ಲ, ಹಲಾಲೂ ಅಲ್ಲ. ಬಾಡಿಗೆ ಏರುತ್ತೆ, ಇಳಿಯುತ್ತೆ. ಬೆಳೆ ಬರಲಿ ಬಾರದಿರಲಿ ಇಷ್ಟು ಕೊಡ್ತೀನಿ ಅನ್ನೋದು ಯಾವುದು ಅಂತ ಆಗಲೇ ಹೇಳಿದ್ದೀನಿ.

ಸಣ್ಣ ಮತ್ತು ಮಧ್ಯಮ ರೀಟ್ ಅಂತ ಇನ್ನೊಂದು ಬಗೆಗೆ ಸೆಬಿ 2024ರಲ್ಲಿ ದಾರಿ ಮಾಡಿದೆ. 50 ಕೋಟಿಯಿಂದ 500 ಕೋಟಿವರೆಗಿನ ಆಸ್ತಿಗೆ. ಸಣ್ಣದು ಅಂದ್ರೆ ಸಣ್ಣ ದುಡ್ಡಿಗೆ ಅಂತ ತಿಳಿಯಬೇಡಿ, ಅದರಲ್ಲಿ ಒಬ್ಬರು ಹಾಕಬೇಕಾದ ಕನಿಷ್ಠ ಮೊತ್ತ 10 ಲಕ್ಷ. ಸಾಮಾನ್ಯವಾಗಿ ಒಂದೋ ಎರಡೋ ಕಟ್ಟಡದ ಮೇಲೆ ನಿಂತಿರುತ್ತೆ. ಹೊಲ ಮಾರಿದ ದುಡ್ಡೆಲ್ಲ ಒಂದೇ ಕಟ್ಟಡದ ಮೇಲೆ ಸುರಿಯೋದು ಬುದ್ಧಿವಂತಿಕೆ ಅಲ್ಲ.

ನೋಂದಣಿ ಇರೋ ರೀಟ್ ಆದರೂ ಅಪಾಯ ಇಲ್ಲ ಅಂತಲ್ಲ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ರೀಟ್ ಯೂನಿಟ್ಟಿಗೆ ಅದು ಇಲ್ಲ. 2020ರಲ್ಲಿ ಕೊರೊನಾ ಬಂದು ಕಚೇರಿಗಳು ಮನೆಗೆ ಹೋದವು, ಮಾಲ್‌ಗಳ ಬಾಗಿಲು ಮುಚ್ಚಿತು. ಅಂಥ ವರ್ಷ ಮತ್ತೆ ಬರಬಹುದು. ಮಗಳ ಮದುವೆ ಮುಂದಿನ ವರ್ಷ ಇದ್ದರೆ ಆ ದುಡ್ಡು ಇದಕ್ಕಲ್ಲ. ಐದಾರು ವರ್ಷ ಮುಟ್ಟದೇ ಇರೋ ದುಡ್ಡಿನಲ್ಲಿ ಒಂದು ಪಾಲು ಮಾತ್ರ.

ಮೋಸ ಅನ್ನಿಸಿದರೆ ಸುಮ್ಮನಿರಬೇಡಿ. ಸೆಬಿಗೆ ಸ್ಕೋರ್ಸ್ ಅನ್ನೋ ದೂರು ವ್ಯವಸ್ಥೆ ಇದೆ. ಅಕ್ರಮ ಠೇವಣಿ ಬಗ್ಗೆ ಆರ್‌ಬಿಐನ ಸಚೇತ್ ಇದೆ. ನಮ್ಮ ರಾಜ್ಯಕ್ಕೆ ಠೇವಣಿದಾರರ ಹಿತ ಕಾಯುವ 2004ರ ಕಾಯ್ದೆ ಇದೆ, ಕೇಂದ್ರದ 2019ರ ಕಾಯ್ದೆ ಇದೆ. ಹಣ ಹೋದ ಮೇಲೆ ದೂರು ಕೊಡೋದಕ್ಕಿಂತ, ಆಸಾಮಿ ಊರಲ್ಲಿ ಓಡಾಡ್ತಿರುವಾಗಲೇ ಕೊಡೋದು ವಾಸಿ.

ಸೆಬಿಗೂ ಒಂದು ಮಾತು. ಬಡ್ಡಿ ಬೇಡ ಅನ್ನೋ ಲಕ್ಷಾಂತರ ಕುಟುಂಬಗಳ ಉಳಿತಾಯ ಈ ದೇಶದಲ್ಲಿ ಚಿನ್ನದಲ್ಲಿ, ಪ್ಲಾಟಿನಲ್ಲಿ, ಭಿಶಿಯಲ್ಲಿ, ಕೊನೆಗೆ ಇಂಥ ಮೋಸಗಾರರ ಕೈಯಲ್ಲಿ ಕೂತಿದೆ. ಹೊಸ ಕಾನೂನೇ ಬೇಕು ಅಂತಿಲ್ಲ. ಇರುವ ಪ್ರತಿ ರೀಟ್ ತನ್ನ ಬಾಡಿಗೆಯಲ್ಲಿ ಬ್ಯಾಂಕ್, ಮದ್ಯ, ಹೋಟೆಲ್, ಮನರಂಜನೆ ಎಷ್ಟೆಷ್ಟು ಅಂತ ಒಂದು ಪುಟದಲ್ಲಿ, ಜನಕ್ಕೆ ಓದೋಕೆ ಬರೋ ಹಾಗೆ ಪ್ರಕಟಿಸಲಿ. ಮದ್ಯದ ಬಾಡಿಗೆ ಬೇಡ ಅನ್ನೋ ಲಿಂಗಾಯತ ಕುಟುಂಬಕ್ಕೂ, ಜೈನ ಕುಟುಂಬಕ್ಕೂ, ಗಾಂಧಿವಾದಿಗೂ ಅದೇ ಪುಟ ಉಪಯೋಗಕ್ಕೆ ಬರುತ್ತೆ. ಷೇರುಗಳಿಗೆ ಜರಡಿ ಹಿಡಿಯೋಕೆ 2010ರಲ್ಲೇ ಸಾಧ್ಯ ಆಯ್ತು ಅಂದಮೇಲೆ ಕಟ್ಟಡಗಳಿಗೆ ಇವತ್ತು ಯಾಕೆ ಆಗಬಾರದು?

ಅಲ್ಲಿವರೆಗೆ ಊರಿನ ಮಸೀದಿ ಕಮಿಟಿಯವರು, ಸೊಸೈಟಿಯ ಹಿರಿಯರು, ಕಾಲೇಜಿನ ಕಾಮರ್ಸ್ ಮೇಷ್ಟ್ರು ಒಂದು ಭಾನುವಾರ ಕೂತು, ಒಂದು ರೀಟಿನ ವಾರ್ಷಿಕ ವರದಿ ಎದುರಿಗೆ ಇಟ್ಟುಕೊಂಡು, ಸಾಲ ಎಷ್ಟು, ಬಾಡಿಗೆದಾರ ಯಾರು ಅಂತ ಜನಕ್ಕೆ ಓದಿ ಹೇಳಲಿ. ಚೀಟಿ ಹಿಡಿದು ಬಂದವನಿಗೆ ಆಮೇಲೆ ಆ ಊರಲ್ಲಿ ವ್ಯಾಪಾರ ನಡೆಯಲ್ಲ.